ಒಂದು ಗೆರೆಯೋ, ಎರಡು ಗೆರೆಯೋ?

ಪೈಥಾನ್ ಲ್ಯಾಬಲ್ಲಿ ಪ್ರತಿವಾರ ನೋಡೋ ದೃಶ್ಯ ಇದು. ಲಿಸ್ಟಿನ ನಡುವಿನ ಸ್ಥಾನ ಬೇಕು ಅಂತ ಒಬ್ಬ ಅದರ ಉದ್ದವನ್ನ 2ರಿಂದ ಭಾಗಿಸ್ತಾನೆ. ಟೈಪ್ ಎರರ್! ಪಕ್ಕದವನು "ಇನ್ನೊಂದು ಸ್ಲ್ಯಾಶ್ ಹಾಕೋ ಮಾರಾಯ" ಅಂತಾನೆ. ಹಾಕಿದ್ರೆ ಓಡುತ್ತೆ, ರೆಕಾರ್ಡಿಗೂ ಹೋಗುತ್ತೆ. ಯಾಕೆ ಅಂತ ಯಾರೂ ಕೇಳಲ್ಲ.

ನಾನೂ ಕೇಳಿರಲಿಲ್ಲ. ಕಳೆದ ಸೆಮ್‌ನಲ್ಲಿ ಗೆಳೆಯರಿಗಾಗಿ ಅಟೆಂಡೆನ್ಸ್ ಲೆಕ್ಕದ ಪ್ರೋಗ್ರಾಮ್ ಬರೆದೆ. ಮೊದಲು 39 // 46 * 100 ಅಂತ ಹಾಕಿದೆ. ಉತ್ತರ ಸೊನ್ನೆ! ಒಂದು ಗೆರೆ ತೆಗೆದೆ, 84.78 ಬಂತು. ಚೆನ್ನಾಗಿ ಕಾಣಲಿ ಅಂತ ರೌಂಡ್ ಮಾಡಿದೆ, 85 ಆಯ್ತು. ಬೇಕಿದ್ದದ್ದು 85. ಗೆಳೆಯ ಬಚಾವಾದೆ ಅಂದ್ಕೊಂಡ. ಶಾರ್ಟೇಜ್ ಲಿಸ್ಟಲ್ಲಿ ಅವನ ಹೆಸರಿತ್ತು. ಅವತ್ತು ಅವನ ಮುಖ ನೋಡೋಕಾಗಲಿಲ್ಲ.

ತಮಾಷೆ ಅಂದ್ರೆ, ಅಲ್ಲಿ ಭಾಗಾಕಾರವೇ ಬೇಕಿರಲಿಲ್ಲ. 39 × 100 ಅಂದ್ರೆ 3900. 85 × 46 ಅಂದ್ರೆ 3910. ಹತ್ತು ಕಡಿಮೆ, ಅಷ್ಟೇ.

ಪೈಥಾನ್ 2ರಲ್ಲಿ 7 / 2 ಅಂದ್ರೆ 3. ಅದೇ ಗೆರೆ ಪೂರ್ಣಾಂಕಕ್ಕೆ ಒಂದು ಥರ, ದಶಮಾಂಶಕ್ಕೆ ಇನ್ನೊಂದು ಥರ ನಡೀತಿತ್ತು. ಈ ಗೊಂದಲ ಬೇಡ ಅಂತ 2001ರಲ್ಲಿ ಎರಡು ಗೆರೆಯ ಚಿಹ್ನೆ ತಂದರು. 2008ರಲ್ಲಿ ಬಂದ ಪೈಥಾನ್ 3ರಲ್ಲಿ ಒಂದು ಗೆರೆ ಅಂದ್ರೆ 3.5, ಎರಡು ಗೆರೆ ಅಂದ್ರೆ 3 ಅಂತ ನಿಕ್ಕಿಯಾಯ್ತು. ಅಂದ್ರೆ ಆ ಎರಡನೇ ಗೆರೆ ಎರರ್ ಓಡಿಸೋ ಮಂತ್ರ ಅಲ್ಲ, "ನಂಗೆ ಇದೇ ಬೇಕು" ಅಂತ ನಾವು ಹೇಳೋ ಮಾತು.

ಕನ್ನಡ ಮೀಡಿಯಂನವರಿಗೆ ಇದು ಹೊಸದೇನಲ್ಲ. 17 ಲಾಡು 5 ಮಕ್ಕಳಿಗೆ ಹಂಚಿದ್ರೆ ಭಾಗಲಬ್ಧ 3, ಶೇಷ 2. ಎರಡು ಗೆರೆ ಅಂದ್ರೆ ಆ ಭಾಗಲಬ್ಧ, ಶೇಕಡಾ ಚಿಹ್ನೆ ಅಂದ್ರೆ ಆ ಶೇಷ. ಲಾಡು ಮುರಿದು ಹಂಚೋದಾದ್ರೆ ಮಾತ್ರ ಒಂದು ಗೆರೆ, 3.4.

ಒಂದು ಎಚ್ಚರಿಕೆ: ಋಣ ಸಂಖ್ಯೆ ಬಂದಾಗ ಸಿ ಭಾಷೆಯ ಅಭ್ಯಾಸ ಕೈಕೊಡುತ್ತೆ. -7ನ್ನು 2ರಿಂದ ಭಾಗಿಸಿದ್ರೆ ಸಿ ಕೊಡೋದು -3. ಪೈಥಾನಿನ ಎರಡು ಗೆರೆ ಕೊಡೋದು -4. ಅದು ಬಾಲ ಕತ್ತರಿಸಲ್ಲ, ಕೆಳಗಿನ ಮೆಟ್ಟಿಲಿಗೆ ಇಳಿಯುತ್ತೆ.

ಹಾಗಾಗಿ ನನ್ನ ಬೇಡಿಕೆ ಇಷ್ಟೇ. ವೈವಾದಲ್ಲಿ "ಔಟ್‌ಪುಟ್ ಬಂತಾ?" ಅನ್ನೋ ಮೊದಲು "ಇಲ್ಲಿ ಎರಡು ಗೆರೆ ಯಾಕೆ?" ಅಂತ ಕೇಳಲಿ. ಅವರು ಕೇಳದಿದ್ರೆ ಪಕ್ಕದ ಸಿಸ್ಟಮ್ಮಿನವರನ್ನ ನಾವೇ ಕೇಳೋಣ. ಎರರ್ ಬಂದ್ರೆ ಕಣ್ಣಿಗೆ ಬೀಳುತ್ತೆ. ತಪ್ಪು ಉತ್ತರ ಸದ್ದಿಲ್ಲದೆ ಶಾರ್ಟೇಜ್ ಲಿಸ್ಟಿನವರೆಗೂ ಹೋಗುತ್ತೆ.