ಗವಾಕ್ಷಿ ಮುಚ್ಚಿದಿರಿ, ಉಸಿರಿಗೆ ದಾರಿ ಎಲ್ಲಿ?

ಇತ್ತೀಚೆಗೆ ಯಾವ ಗೃಹಪ್ರವೇಶಕ್ಕೆ ಹೋದರೂ ನಾವು ಮೊದಲು ನೋಡುವುದು ನೆಲದ ಟೈಲ್ಸ್ ಅಲ್ಲ, ಗೋಡೆಯ ಮೇಲ್ಭಾಗ. ಅಲ್ಲಿ ಗವಾಕ್ಷಿಯೇ ಇರುವುದಿಲ್ಲ. ಕೇಳಿದರೆ, "ಅದೆಲ್ಲ ಹಳೇ ಕಾಲದ್ದು. ಧೂಳು ಬರುತ್ತೆ, ಸೊಳ್ಳೆ ಬರುತ್ತೆ, ಎಸಿ ತಂಪು ಹೊರಗೆ ಹೋಗುತ್ತೆ" ಎಂಬ ಉತ್ತರ ಸಿದ್ಧ. ಯುಪಿವಿಸಿ ಕಿಟಕಿ, ರಬ್ಬರ್ ಪಟ್ಟಿಯ ಬಾಗಿಲು. ಇದು ಮನೆಯೋ, ಮುಚ್ಚಳ ಬಿಗಿದ ಡಬ್ಬಿಯೋ?

ಕರೆಂಟ್ ಉಳಿಸಲು ಸಂದುಗಳನ್ನು ಮುಚ್ಚುವುದು ತಪ್ಪಲ್ಲ. ಚಳಿ ದೇಶದವರು ಅದನ್ನು ಚೆನ್ನಾಗಿಯೇ ಮಾಡಿದ್ದಾರೆ. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಜನ ವಾಸಕ್ಕೆ ಬಂದ ಮೊದಲ 'ಪ್ಯಾಸಿವ್ ಹೌಸ್' ಗಾಳಿ ಸೋರದಂತೆ ಕಟ್ಟಿದ್ದು. ಆದರೆ ಹೊಸ ಗಾಳಿ ತಂದು ಹಳೆಯದನ್ನು ಹೊರಹಾಕುವ ಯಂತ್ರವನ್ನೂ ಅವರು ಜೊತೆಗೇ ಇಟ್ಟರು. ನಾವು ಮುಚ್ಚುವುದನ್ನಷ್ಟೇ ಕಲಿತೆವು. ಎಸಿ ಇದೆಯಲ್ಲ ಎನ್ನಬೇಡಿ. ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ.

ಇದು ಬರೀ ಸೆಖೆಯ ಮಾತಲ್ಲ, ಜೀವದ ಮಾತು. ಮುಚ್ಚಿದ ಬಚ್ಚಲಲ್ಲಿ ಗ್ಯಾಸ್ ಗೀಸರ್ ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತಿದ್ದೇವೆ.

ಪರಿಹಾರಕ್ಕೆ ಲಕ್ಷ ರೂಪಾಯಿಯ ಯಂತ್ರ ಬೇಕಿಲ್ಲ. ಬಿಸಿ ಗಾಳಿ ಮೇಲೇರುತ್ತದೆ. ಅದಕ್ಕೆ ಮೇಲೊಂದು ದಾರಿ ಕೊಟ್ಟರೆ ಕೆಳಗಿನಿಂದ ಹೊಸ ಗಾಳಿ ತಾನೇ ಬರುತ್ತದೆ. ಉತ್ತರ ಕರ್ನಾಟಕದ ಮಾಳಿಗೆ ಮನೆಗಳ ಬೆಳಕಿಂಡಿ ಬೆಳಕಿನ ಜೊತೆಗೆ ಈ ಕೆಲಸವನ್ನೂ ಮಾಡುತ್ತಿತ್ತು.

ಹಾಗಾಗಿ ಹೊಸ ಮನೆ ಕಟ್ಟುವವರಿಗೆ ನಮ್ಮ ಮಾತು ಇಷ್ಟೇ:

- ಪ್ರತಿ ಕೋಣೆಗೂ ಮೇಲೆ ಗವಾಕ್ಷಿ ಇರಲಿ. ಸೊಳ್ಳೆಗೆ ಜಾಲರಿ ಹಾಕಿಸಿ.
- ಆದಷ್ಟು ಎದುರುಬದುರು ಕಿಟಕಿ ಇಡಿಸಿ.
- ಅಡುಗೆಮನೆಯಲ್ಲಿ ಮೇಲೆ ಎಕ್ಸಾಸ್ಟ್ ಫ್ಯಾನ್, ಕೆಳಗೆ ಗಾಳಿಕಿಂಡಿ ಎರಡೂ ಬೇಕು. ಒಳಬರುವ ದಾರಿ ಇಲ್ಲದಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲೇ ನಿಲ್ಲುತ್ತದೆ.
- ಗ್ಯಾಸ್ ಗೀಸರ್ ಬಚ್ಚಲ ಹೊರಗೆ, ಬಯಲು ಗಾಳಿಯಲ್ಲಿರಲಿ.

ಪ್ಲಾನ್ ಕೈಗೆ ಬಂದಾಗ ಕಂಟ್ರಾಕ್ಟರ್‌ಗೆ ಒಂದೇ ಪ್ರಶ್ನೆ ಕೇಳಿ: ಗಾಳಿ ಎಲ್ಲಿಂದ ಬರುತ್ತೆ, ಎಲ್ಲಿಂದ ಹೋಗುತ್ತೆ? ಬೆರಳಿಟ್ಟು ತೋರಿಸುವವರೆಗೆ ಅಡ್ವಾನ್ಸ್ ಕೊಡಬೇಡಿ. ಗೋಡೆ ಎದ್ದ ಮೇಲೆ ಕಿಂಡಿ ಕೊರೆಸುವುದು ದುಬಾರಿ. ಕೊರೆಸದೇ ಬಿಡುವುದು ಅದಕ್ಕಿಂತ ದುಬಾರಿ.