ಮಹಿಷಾಸುರ ಯಾರ ಆಸ್ತಿ? ಆಟದೊಳಗಿನ ರಾಕ್ಷಸರು ಮತ್ತು ಕಾಪಿರೈಟ್ ಲೆಕ್ಕ

ನಂದಿಕೂರಿನ ನಾಲ್ಕು ಹುಡುಗರು ಸೇರಿ ಮೇಜಿನ ಮೇಲೆ ಆಡುವ ಒಂದು ಆಟ ತಯಾರಿಸಿದರು ಎಂದಿಟ್ಟುಕೊಳ್ಳಿ. ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ ಕಥೆ ಮುಂದುವರಿಸಬೇಕು, ದಾಳ ಉರುಳಿಸಿ ದಾರಿಯಲ್ಲಿ ಎದುರಾಗುವ ರಾಕ್ಷಸರನ್ನು ಸೋಲಿಸಬೇಕು. ರಾಕ್ಷಸರೂ ಹೊರಗಿನವರಲ್ಲ. ದೇವಿ ಮಹಾತ್ಮೆ ಆಟದಲ್ಲಿ ಚಿಕ್ಕಂದಿನಿಂದ ನೋಡಿದ ಮಹಿಷಾಸುರ, ರಕ್ತಬೀಜರೇ. ಇನ್ನೇನು ಮಾರಾಟ ಶುರು ಮಾಡಬೇಕು ಎನ್ನುವಾಗ ವಾಟ್ಸಾಪ್‌ಗೆ ಒಂದು ಸಂದೇಶ ಬರುತ್ತದೆ: "ಮಹಿಷಾಸುರನ ಹೆಸರನ್ನು ಒಂದು ಕಂಪನಿ ಪೇಟೆಂಟ್ ಮಾಡಿಸಿದೆ. ಬಳಸಿದರೆ ಲಕ್ಷಗಟ್ಟಲೆ ದಂಡ. ಎಲ್ಲರಿಗೂ ತಿಳಿಸಿ."

ನಂಬಬೇಕೇ? ಬೇಡ. ಆದರೆ "ಪುರಾಣದ ಪಾತ್ರ ತಾನೇ, ಹೇಗೆ ಬೇಕಾದರೂ ಬಳಸಬಹುದು" ಎನ್ನುವುದೂ ಅರ್ಧ ಸತ್ಯ. ಏಕೆ ಎಂದು ನೋಡೋಣ.

ಮೂರು ಹಕ್ಕು, ಮೂರು ಕೆಲಸ

ಇಂಥ ಸಂದೇಶಗಳಲ್ಲಿ ಪೇಟೆಂಟ್, ಕಾಪಿರೈಟ್, ಟ್ರೇಡ್‌ಮಾರ್ಕ್ ಮೂರೂ ಕಲಸಿಹೋಗಿರುತ್ತವೆ. ಪೇಟೆಂಟ್ ಸಿಗುವುದು ಹೊಸ ಆವಿಷ್ಕಾರಕ್ಕೆ, ಅಂದರೆ ಹೊಸ ಯಂತ್ರ ಅಥವಾ ತಯಾರಿಕಾ ವಿಧಾನದಂಥದ್ದಕ್ಕೆ. ಹೆಸರಿಗಾಗಲಿ ಕಥೆಗಾಗಲಿ ಪೇಟೆಂಟ್ ಇಲ್ಲ. "ಹೆಸರಿಗೆ ಪೇಟೆಂಟ್" ಎಂದು ಬರೆದಿದ್ದರೆ ಬರೆದವರಿಗೆ ವಿಷಯ ಗೊತ್ತಿಲ್ಲ ಎಂದು ಅಲ್ಲೇ ತಿಳಿಯಬಹುದು.

ಕಾಪಿರೈಟ್ ಸಿಗುವುದು ಬರಹ, ಚಿತ್ರ, ಸಂಗೀತ, ನಾಟಕ, ಸಿನಿಮಾಗಳಿಗೆ. ನಮ್ಮ 1957ರ ಕಾಯ್ದೆಯ ಪ್ರಕಾರ ಬರಹ, ಸಂಗೀತ, ನಾಟಕ, ಚಿತ್ರಗಳಲ್ಲಿ ಈ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಇರುತ್ತದೆ. ನೋಂದಣಿ ಕಡ್ಡಾಯವಲ್ಲ, ಕೃತಿ ರಚಿಸಿದ ಕ್ಷಣದಿಂದಲೇ ಹಕ್ಕು ಬರುತ್ತದೆ. ಟ್ರೇಡ್‌ಮಾರ್ಕ್ ಎಂದರೆ ಸರಕು ಯಾರದ್ದೆಂದು ಗಿರಾಕಿಗೆ ತಿಳಿಸುವ ವ್ಯಾಪಾರದ ಗುರುತು.

ಮಹಿಷಾಸುರನ ಕಥೆ ಕಟ್ಟಿದ ಕರ್ತೃವಿನ 60 ವರ್ಷ ಮುಗಿದು ಎಷ್ಟೋ ಶತಮಾನಗಳಾದವು. ಅಲ್ಲದೆ, 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ವಿಚಾರ, ಕಥಾವಸ್ತು, ಐತಿಹಾಸಿಕ ಅಥವಾ ಪೌರಾಣಿಕ ಸಂಗತಿಗಳ ಮೇಲೆ ಯಾರಿಗೂ ಕಾಪಿರೈಟ್ ಇಲ್ಲ. ಹಕ್ಕು ಇರುವುದು ಅದನ್ನು ಹೇಳಿದ ರೀತಿಯ ಮೇಲೆ ಮಾತ್ರ.

ಹಾಬಿಟ್ ಹೋಯಿತು, ರಾಕ್ಷಸ ಉಳಿದ

ಮೇಜಿನ ಮೇಲಿನ ಪಾತ್ರಾಭಿನಯದ ಆಟಗಳಲ್ಲಿ ಎಲ್ಲರಿಗಿಂತ ಹೆಸರುವಾಸಿ 1974ರಲ್ಲಿ ಅಮೆರಿಕದಲ್ಲಿ ಬಂದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್'. ಮೊದಲ ಆವೃತ್ತಿಯಲ್ಲಿ 'ಹಾಬಿಟ್' ಎಂಬ ಕುಳ್ಳ ಜನರಿದ್ದರು. ಅವರು ಲೇಖಕ ಟೋಲ್ಕಿನ್ ಅವರ ಕಾದಂಬರಿಯವರು. ಹಕ್ಕುದಾರರು ತಕರಾರು ಎತ್ತಿದ ಮೇಲೆ ಆಟದಲ್ಲಿ ಅವರ ಹೆಸರು 'ಹಾಫ್‌ಲಿಂಗ್' ಎಂದಾಯಿತು. ಡ್ರ್ಯಾಗನ್ ಮಾತ್ರ ಹಾಗೆಯೇ ಉಳಿಯಿತು. ಅದು ಜನಪದ ಕಥೆಗಳದ್ದು, ತಕರಾರು ಮಾಡಲು ಮಾಲೀಕರೇ ಇಲ್ಲ.

ಅದೇ ಆಟದ 1977ರ ರಾಕ್ಷಸರ ಪುಸ್ತಕದಲ್ಲಿ ನಮ್ಮ 'ರಾಕ್ಷಸ'ನೂ ಸೇರಿಕೊಂಡ, ಅದೇ ಹೆಸರಿನಲ್ಲಿ. ಹುಲಿಯ ತಲೆ, ಹಿಂದುಮುಂದಾದ ಅಂಗೈಗಳು ಅವನ ಗುರುತು. ಯಾರ ಅನುಮತಿಯೂ ಬೇಕಾಗಲಿಲ್ಲ. 2000ದಲ್ಲಿ ಕಂಪನಿ ತನ್ನ ನಿಯಮಗಳನ್ನು ಬೇರೆಯವರೂ ಬಳಸಲು ಬಿಟ್ಟುಕೊಟ್ಟಾಗ, ತಾನೇ ಹುಟ್ಟಿಸಿದ 'ಬಿಹೋಲ್ಡರ್', 'ಮೈಂಡ್ ಫ್ಲೇಯರ್' ಮುಂತಾದ ಜೀವಿಗಳನ್ನು ಮಾತ್ರ ತನ್ನ ಸ್ವತ್ತೆಂದು ಇಟ್ಟುಕೊಂಡಿತು. ಆ ಪರವಾನಗಿಯನ್ನು ಬಿಗಿಗೊಳಿಸಲು ಹೋದಾಗ ಆಟಗಾರರು ತಿರುಗಿಬಿದ್ದರು. ಕೊನೆಗೆ 2023ರ ಜನವರಿಯಲ್ಲಿ ಮೂಲ ನಿಯಮಗಳ ಕಡತವನ್ನು ಎಲ್ಲರ ಬಳಕೆಗೆ ಮುಕ್ತಗೊಳಿಸಬೇಕಾಯಿತು. ಆ ಮುಕ್ತ ಕಡತದಲ್ಲೂ ರಾಕ್ಷಸ ಇದ್ದಾನೆ.

ಮಣಿಪಾಲದಿಂದ ದೆಹಲಿವರೆಗೆ ಹೋದ ಪ್ರಕರಣ

"ಇದೆಲ್ಲ ಅಮೆರಿಕದ ಕಥೆ, ನಮಗೇಕೆ?" ಎನ್ನಬೇಡಿ. ಇದೇ ಪ್ರಶ್ನೆ ಉಡುಪಿ ಜಿಲ್ಲೆಯಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು.

ಶಿವರಾಮ ಕಾರಂತರು ಯಕ್ಷಗಾನವನ್ನು ಆಧರಿಸಿ ಹೊಸ ಬಗೆಯ ಬ್ಯಾಲೆ ರೂಪಿಸಿದ್ದು ನಿಮಗೆ ಗೊತ್ತಿರಬಹುದು. ರಾಗ, ವೇಷಭೂಷಣ, ರಂಗವಿನ್ಯಾಸಗಳಲ್ಲಿ ಅವರು ಬದಲಾವಣೆ ತಂದಿದ್ದರು. 1997ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧ' ಪ್ರದರ್ಶಿಸಿತು. ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರು ಇದನ್ನು ಆಕ್ಷೇಪಿಸಿ ನ್ಯಾಯಾಲಯಕ್ಕೆ ಹೋದರು. ಕಾರಂತರು ತಮ್ಮ ಸಂಸ್ಥೆಯ ಆಶ್ರಯದಲ್ಲಿ ಮಾಡಿದ ಕೆಲಸ, ಹಕ್ಕು ತಮ್ಮದೇ ಎಂಬುದು ಅಕಾಡೆಮಿಯ ವಾದ. ಉಡುಪಿಯ ಜಿಲ್ಲಾ ನ್ಯಾಯಾಲಯವೂ ಹೈಕೋರ್ಟೂ ಅದನ್ನು ಒಪ್ಪಲಿಲ್ಲ.

2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ಉಳಿಸಿಕೊಂಡೇ ತಡೆಯಾಜ್ಞೆಯನ್ನು ಸ್ವಲ್ಪ ಸಡಿಲಿಸಿತು. ನ್ಯಾಯಯುತ ಬಳಕೆ, ಶಿಕ್ಷಣ ಸಂಸ್ಥೆಯೊಳಗಿನ ಪ್ರದರ್ಶನ, ಟಿಕೆಟ್ ಇಲ್ಲದ ಹವ್ಯಾಸಿ ಪ್ರದರ್ಶನ ಇತ್ಯಾದಿಗಳಿಗೆ ಕಾಯ್ದೆಯ 52ನೇ ಕಲಮಿನಲ್ಲಿರುವ ವಿನಾಯಿತಿ ಅಕಾಡೆಮಿಗೂ ಅನ್ವಯಿಸುತ್ತದೆ ಎಂದಿತು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ವ್ಯಾಜ್ಯ ಇದ್ದದ್ದು ಕಾರಂತರು ಕೊಟ್ಟ ಹೊಸ ರೂಪದ ಬಗ್ಗೆ. ಅಭಿಮನ್ಯುವಿನ ಕಥೆಯನ್ನು ಅಂದೂ ಇಂದೂ ಯಾವ ಮೇಳ ಬೇಕಾದರೂ ಆಡಬಹುದು.

ಹಾಗಾದರೆ ಹೆಸರು?

'ರಾಮಾಯಣ' ಎಂಬ ಹೆಸರನ್ನು ಊದುಬತ್ತಿಗೆ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು ಹೊರಟವರ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ಪವಿತ್ರ ಗ್ರಂಥದ ಹೆಸರೊಂದನ್ನೇ ಒಬ್ಬರು ತಮ್ಮದೆಂದು ಹಿಡಿದಿಡಲು ಆಗದು ಎಂದಿತು. ಅದರ ಜೊತೆ ತಮ್ಮದೇ ಪದ, ಚಿತ್ರ ಸೇರಿಸಿ ಬೇರೆಯಾಗಿ ಕಾಣುವ ಗುರುತು ಮಾಡಿಕೊಂಡರೆ ಅದರ ಲೆಕ್ಕ ಬೇರೆ.

ಈಗ ನಮ್ಮ ನಾಲ್ಕು ಹುಡುಗರ ಕಡೆ ಬರೋಣ. ಮಹಿಷಾಸುರನನ್ನು ಅವರು ಧಾರಾಳವಾಗಿ ಬಳಸಬಹುದು. ಬಣ್ಣದ ವೇಷದ ಚಿಟ್ಟಿ, ಕೋಡು, ಕಿರೀಟದ ಸಾಂಪ್ರದಾಯಿಕ ಕ್ರಮವನ್ನು ನೋಡಿ ತಾವೇ ಚಿತ್ರ ಬರೆಯಬಹುದು. ಆದರೆ ಇಂಟರ್ನೆಟ್‌ನಲ್ಲಿ ಸಿಕ್ಕ ವೇಷದ ಫೋಟೊವನ್ನು ಕಾರ್ಡಿಗೆ ಅಂಟಿಸುವಂತಿಲ್ಲ. ಅದರ ಹಕ್ಕು ಸಾಮಾನ್ಯವಾಗಿ ಫೋಟೊ ತೆಗೆದವರದ್ದು. ಇತ್ತೀಚಿನ ಪ್ರಸಂಗಕರ್ತರ ಪದ್ಯಗಳನ್ನು ಕೇಳದೆ ಬಳಸುವಂತಿಲ್ಲ. ಸಿನಿಮಾದ ಪೋಸ್ಟರು, ಹಾಡು ಮುಟ್ಟುವಂತಿಲ್ಲ. 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ಹಾಡಿನ ಬಗ್ಗೆ ಕೇರಳದಲ್ಲಿ ಕೇಸು ನಡೆದದ್ದೂ ಸಂಗೀತದ ಹೋಲಿಕೆಗಾಗಿ, ದೈವದ ಹೆಸರಿಗಾಗಿ ಅಲ್ಲ.

ದೈವಗಳ ವಿಷಯ ಬೇರೆ

ಆ ಹುಡುಗರಲ್ಲೊಬ್ಬ "ಗುಳಿಗ, ಪಂಜುರ್ಲಿಯನ್ನೂ ಹಾಕೋಣವಾ?" ಎಂದು ಕೇಳಿದರೆ? ಮೊದಲನೆಯದಾಗಿ, ದೈವಗಳು ರಾಕ್ಷಸರಲ್ಲ. ಮನೆಮನೆಯಲ್ಲಿ ನಂಬಿ, ಕೋಲ-ನೇಮ ಕೊಟ್ಟು ನಡೆದುಕೊಳ್ಳುವ ಶಕ್ತಿಗಳು. ದಾಳ ಹಾಕಿ ಸೋಲಿಸುವ ಪಟ್ಟಿಯಲ್ಲಿ ಅವುಗಳನ್ನು ಸೇರಿಸಿದರೆ ಊರಿನವರಿಗೆ ನೋವಾಗುವುದು ಸಹಜ.

ಕಾಪಿರೈಟ್ ಕಾಯ್ದೆ ಈ ನೋವಿಗೆ ಉತ್ತರ ಕೊಡುವುದಿಲ್ಲ. ದೈವಕ್ಕೆ ಕರ್ತೃ ಇಲ್ಲ, ಆದ್ದರಿಂದ ಹಕ್ಕುದಾರರೂ ಇಲ್ಲ. ಯಾವ ಕಂಪನಿಯೂ ಪಂಜುರ್ಲಿ ತನ್ನದು ಎನ್ನಲಾಗದು. ಹಾಗೆಯೇ ದೂರದ ಊರಿನ ಕಂಪನಿಯೊಂದು ಪಂಜುರ್ಲಿಯನ್ನು ಆಟದ ಬೊಂಬೆ ಮಾಡಿ ಮಾರಿದರೆ, ತಲೆತಲಾಂತರದಿಂದ ದೈವದ ಚಾಕರಿ ಮಾಡಿಕೊಂಡು ಬಂದ ಕುಟುಂಬಗಳಿಗೆ ಈ ಕಾಯ್ದೆಯಡಿ ಒಂದು ಪೈಸೆಯೂ ಬರುವುದಿಲ್ಲ. ಉದ್ದೇಶಪೂರ್ವಕವಾಗಿ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆ ಅದಕ್ಕೆ ಬೇರೆ ಕಾನೂನಿದೆ, ಆದರೆ ಅದು ಮಾಲೀಕತ್ವದ ಪ್ರಶ್ನೆಯಲ್ಲ. ಹೀಗಾಗಿ ಹುಡುಗರು ಇಲ್ಲಿ ವಕೀಲರನ್ನು ಕೇಳುವುದಕ್ಕಿಂತ ಮೊದಲು ಊರಿನ ಗುತ್ತಿನವರನ್ನು, ದೈವದ ಚಾಕರಿಯವರನ್ನು ಕೇಳುವುದು ಒಳ್ಳೆಯದು.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಹೇಳುತ್ತಿರುವುದು ಪೇಟೆಂಟೋ, ಕಾಪಿರೈಟೋ, ಟ್ರೇಡ್‌ಮಾರ್ಕೋ? ಹಕ್ಕು ಇದೆ ಎನ್ನುತ್ತಿರುವುದು ಹಳೆಯ ಕಥೆಯ ಮೇಲೋ, ಒಬ್ಬರು ಹೊಸದಾಗಿ ಮಾಡಿದ ಚಿತ್ರ, ಹಾಡು, ಬರಹದ ಮೇಲೋ? ಕೇಸು ನಡೆದಿದೆ ಎಂದರೆ ಯಾವ ನ್ಯಾಯಾಲಯದಲ್ಲಿ, ಯಾವ ವರ್ಷ? ಟ್ರೇಡ್‌ಮಾರ್ಕ್ ನೋಂದಣಿಯನ್ನು ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಹುಡುಕಬಹುದು. ಈ ಮೂರಕ್ಕೂ ಉತ್ತರ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಅದನ್ನು ನಂಬಿ ಯಾರೋ ತಮ್ಮ ಅಜ್ಜಿ ಹೇಳಿದ ಕಥೆಯನ್ನೇ ಬರೆಯಲು ಹೆದರಬಾರದು.