ಅಪರ್ಣಾ ಅವರ ಕನ್ನಡ, ನಮ್ಮೂರಿನ ಕನ್ನಡ

2024ರ ಜುಲೈ 11ರ ರಾತ್ರಿ ನಿರೂಪಕಿ ಅಪರ್ಣಾ ತೀರಿಕೊಂಡರು. ಮರುದಿನ ಬೆಳಗ್ಗೆ ಬೆಂಗಳೂರಿನ ಮೆಟ್ರೋ ರೈಲುಗಳು ಎಂದಿನಂತೆ ಹೊರಟವು. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಅಂತ ಹೇಳಿದ್ದು ಅವರದೇ ದನಿ. ದಿನಾ ಕೇಳುತ್ತಿದ್ದ ಆ ದನಿ ಯಾರದು ಅಂತ ಎಷ್ಟೋ ಮಂದಿಗೆ ಗೊತ್ತಾಗಿದ್ದು ಅವತ್ತಿನ ಪೇಪರ್ ನೋಡಿದ ಮೇಲೆ.

ನನ್ನಂಥವರಿಗೆ ಮಾತ್ರ ಆ ದನಿ ಮೆಟ್ರೋಗಿಂತ ಎಷ್ಟೋ ಮೊದಲೇ ಪರಿಚಯ. ನಮ್ಮೂರು ಜೇವರ್ಗಿ ತಾಲ್ಲೂಕಿನ ನೆಲೋಗಿ. ಮಾಜಿ ಮುಖ್ಯಮಂತ್ರಿ ಧರಂಸಿಂಗ್ ಅವರ ಊರು ಅಂದ್ರೆ ಹೊರಗಿನವರಿಗೆ ಗೊತ್ತಾಗ್ತದೆ. ಬೆಂಗಳೂರಿಗೆ ಎಲ್ಲವೂ ಮೊದಲು ಬಂತು, ನಮಗೆ ಎಲ್ಲವೂ ತಡವಾಗಿ ಬಂತು ಅನ್ನೋ ಮಾತು ನಮ್ಮ ಕಡೆ ಇದ್ದದ್ದೇ. ಟಿವಿ ವಿಷಯದಲ್ಲಿ ಮಾತ್ರ ಅದು ಉಲ್ಟಾ ನೋಡ್ರಿ. 1975–76ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸುವ ‘ಸೈಟ್’ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಅದಕ್ಕೆ ಆರಿಸಿದ್ದರು. ಕರ್ನಾಟಕದ ಪಾಲಿಗೆ ಬಂದದ್ದು ಕಲಬುರಗಿ ಭಾಗದ ಹಳ್ಳಿಗಳು. ಅದರ ಬೆನ್ನಿಗೇ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ.

ಆದರೆ ಪೆಟ್ಟಿಗೆ ನಮ್ಮಲ್ಲಿಗೆ ಮೊದಲು ಬಂದರೂ ಅದರೊಳಗಿಂದ ಕೇಳುತ್ತಿದ್ದ ಕನ್ನಡ ಹೆಚ್ಚಾಗಿ ನಮ್ಮದಾಗಿರಲಿಲ್ಲ. ಮುಂದೆ ಚಂದನ ವಾಹಿನಿಯ ಕಾಲ ಬಂದಾಗಲೂ ಹಾಗೇ ಇತ್ತು. ನಾವು ಮನೆಯಲ್ಲಿ ‘ಹೋಗ್ತದ’, ‘ಬರ್ತಾನ’ ಅನ್ನೋರು. ಟಿವಿಯಲ್ಲಿ ‘ಹೋಗುತ್ತದೆ’, ‘ಬರುತ್ತಾನೆ’. ನಮಗೆ ‘ಮನಿ’, ಅವರಿಗೆ ‘ಮನೆ’. ಮಹಾಪ್ರಾಣವೆಲ್ಲ ನಮ್ಮ ಬಾಯಲ್ಲಿ ಅಲ್ಪಪ್ರಾಣ. ಇಷ್ಟು ದೂರದ ಕನ್ನಡವನ್ನು ಆಡುತ್ತಿದ್ದರೂ ಅಪರ್ಣಾ ಬಂದರೆ ನಮ್ಮವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳುತ್ತಿದ್ದಳು. “ಈ ಅಕ್ಕೋರು ಓದಿ ಹೇಳಿದಂಗ ಅನಸಂಗಿಲ್ಲ ನೋಡು, ನಮ್ಮ ಜೋಡಿ ಮಾತಾಡಿದಂಗ ಅನಸ್ತದ” ಅನ್ನೋಳು. ನಮ್ಮ ಕಡೆ ಅಕ್ಕೋರು ಅಂದ್ರೆ ಸಾಲಿ ಕಲಿಸುವವರು. ಸುಮ್ಮನೆ ಯಾರಿಗೂ ಕೊಡುವ ಹೆಸರಲ್ಲ ಅದು.

ಅವ್ವ ಹೇಳಿದ ಆ ಮಾತೇ ಅಪರ್ಣಾ ಅವರ ಇಡೀ ವೃತ್ತಿಗೆ ಸಲ್ಲುತ್ತದೆ ಅಂತ ನನಗೆ ಈಗ ಅನಿಸುತ್ತದೆ.

ಅವರು ಹುಟ್ಟಿದ್ದು 1966ರಲ್ಲಿ, ಚಿಕ್ಕಮಗಳೂರು ಜಿಲ್ಲೆಯಲ್ಲಿ. ಹದಿಹರೆಯದಲ್ಲೇ ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಲ್ಲಿ ನಟಿಸಿದರು. ಪುಟ್ಟಣ್ಣನವರಿಗೆ ಅದೇ ಕೊನೆಯ ಸಿನಿಮಾ, ಅಪರ್ಣಾಗೆ ಮೊದಲನೆಯದು. ಆಮೇಲೆ ‘ಇನ್ಸ್‌ಪೆಕ್ಟರ್ ವಿಕ್ರಂ’ನಂಥ ಕೆಲವು ಸಿನಿಮಾ ಮಾಡಿದರು. ನಾಯಕಿಯಾಗಿ ದೊಡ್ಡ ಹೆಸರು ಮಾಡುವ ದಾರಿ ಬಿಟ್ಟು ಮೈಕ್ ಕಡೆ ತಿರುಗಿದರು. 1990ರ ದಶಕದಲ್ಲಿ ಆಕಾಶವಾಣಿ, ವಿವಿಧ ಭಾರತಿ, ಎಫ್‌ಎಂ ರೇನ್‌ಬೋ, ದೂರದರ್ಶನ ಹೀಗೆ ಎಲ್ಲ ಕಡೆ ಅವರೇ. 1998ರ ದೀಪಾವಳಿ ಕಾರ್ಯಕ್ರಮವನ್ನು ಸತತ ಎಂಟು ಗಂಟೆ ನಿರೂಪಿಸಿದ್ದು ಇವತ್ತಿಗೂ ಜನರ ಬಾಯಲ್ಲಿದೆ. ಸರ್ಕಾರದ ಸಮಾರಂಭ, ಪ್ರಶಸ್ತಿ ಪ್ರದಾನ, ಸಂಗೀತ ಸಂಜೆ ಯಾವುದೇ ಇರಲಿ, ವೇದಿಕೆಯ ಬದಿಯಲ್ಲಿ ಸೀರೆಯುಟ್ಟು ನಿಂತ ಅಪರ್ಣಾ ಇರುತ್ತಿದ್ದರು.

ಎಂಟು ಗಂಟೆ ಅಂದ್ರೆ ಏನು ಅಂತ ಒಮ್ಮೆ ಯೋಚಿಸಿ. ನಿರೂಪಕರ ಕೆಲಸ ಚೆನ್ನಾಗಿ ನಡೆದರೆ ಯಾರ ಗಮನಕ್ಕೂ ಬರೋದಿಲ್ಲ. ಗಾಯಕರು ಬರೋದು ತಡವಾದರೆ ನಡುವಿನ ಐದು ನಿಮಿಷ ತುಂಬಬೇಕು. ಮಂತ್ರಿಗಳ ಹೆಸರು, ಊರಿನ ಹೆಸರು, ಸತ್ತವರ ಹೆಸರು, ಯಾವುದೂ ತಪ್ಪಬಾರದು. ಹಾಳೆಯಲ್ಲಿ ಬರೆದದ್ದು ಬಿಗಿಯಾದ ಗ್ರಂಥಸ್ಥ ಕನ್ನಡ ಇದ್ದರೆ ಅದನ್ನು ಹೇಳುತ್ತ ಹೇಳುತ್ತಲೇ ಸಡಿಲ ಮಾಡಬೇಕು. ದೀರ್ಘ ವಾಕ್ಯದ ಕೊನೆಗೆ ಉಸಿರು ಮುಗಿಯಬಾರದು. ಅಪರ್ಣಾ ಇದನ್ನೆಲ್ಲ ಮಾಡುವಾಗ ‘ನೋಡಿ, ನನ್ನ ಕನ್ನಡ ಎಷ್ಟು ಶುದ್ಧ’ ಅನ್ನೋ ಭಾವ ದನಿಯಲ್ಲಿ ಇಣುಕುತ್ತಿರಲಿಲ್ಲ. ಶ, ಷ, ಸ ಬೇರೆ ಬೇರೆಯಾಗಿ ಕೇಳುತ್ತಿದ್ದವು. ಆದರೆ ಕೇಳುವವನಿಗೆ ತಾನು ಸಣ್ಣವ ಅನಿಸುತ್ತಿರಲಿಲ್ಲ.

ಮೆಟ್ರೋ ಪ್ರಕಟಣೆಯ ಕಷ್ಟ ಇನ್ನೊಂದು ಥರದ್ದು. ನಾನು ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಇದು ಸ್ವಲ್ಪ ಅರ್ಥವಾಗುತ್ತದೆ. ಇಂಥ ವ್ಯವಸ್ಥೆಗಳಲ್ಲಿ ಮಾತನ್ನು ಸಾಮಾನ್ಯವಾಗಿ ತುಣುಕು ತುಣುಕಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ರೈಲು ಎಲ್ಲಿದೆ ಅಂತ ನೋಡಿ ಕಂಪ್ಯೂಟರ್ ಬೇಕಾದ ತುಣುಕನ್ನು ಕೇಳಿಸುತ್ತದೆ. ನಿಲ್ದಾಣದ ಹೆಸರು ಒಂದು ತುಣುಕು, ಎಡ-ಬಲ ಹೇಳೋದು ಇನ್ನೊಂದು. ಒಂದು ತುಣುಕನ್ನು ಉತ್ಸಾಹದಲ್ಲಿ, ಇನ್ನೊಂದನ್ನು ಸುಸ್ತಾಗಿ ಹೇಳಿದರೆ ಜೋಡಿಸಿದಾಗ ಹರಕು ಬಟ್ಟೆಗೆ ತೇಪೆ ಹಾಕಿದಂತೆ ಕೇಳುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ವೇಗ, ಒಂದೇ ಎತ್ತರದಲ್ಲಿ ಹೇಳಬೇಕು. ಹಾಗಂತ ಯಂತ್ರದಂತೆಯೂ ಕೇಳಬಾರದು. ದಿನಕ್ಕೆರಡು ಸಲ ವರ್ಷಗಟ್ಟಲೆ ಕೇಳಿದರೂ ಕಿರಿಕಿರಿಯಾಗದ ದನಿ ಬೇಕು. ರಾಯಚೂರಿನಿಂದ ಬಂದ ಗಾರೆ ಕೆಲಸದವನಿಗೂ ಅದು ತಿಳಿಯಬೇಕು, ಈಗಷ್ಟೇ ಕನ್ನಡ ಕಲಿಯುತ್ತಿರುವ ಬಿಹಾರದ ಹುಡುಗನಿಗೂ ತಿಳಿಯಬೇಕು. ನನ್ನ ಜತೆ ಕೆಲಸ ಮಾಡುವ ಹೊರರಾಜ್ಯದ ಗೆಳೆಯರಲ್ಲಿ ‘ಮುಂದಿನ’, ‘ನಿಲ್ದಾಣ’, ‘ಬಾಗಿಲು’ ಅನ್ನೋ ಪದಗಳನ್ನು ರೈಲಿನಲ್ಲೇ ಕಲಿತವರಿದ್ದಾರೆ.

ಇಷ್ಟೆಲ್ಲ ಗಾಂಭೀರ್ಯ ಕಟ್ಟಿಕೊಂಡವರು ಅದನ್ನು ಕಾಪಾಡಿಕೊಂಡೇ ಉಳಿಯುತ್ತಾರೆ. ಅಪರ್ಣಾ ಹಾಗೆ ಮಾಡಲಿಲ್ಲ. ‘ಮೂಡಲ ಮನೆ’, ‘ಮುಕ್ತ’ ಧಾರಾವಾಹಿಗಳಲ್ಲಿ ನಟಿಸಿದರು. 2013ರಲ್ಲಿ ಕನ್ನಡ ಬಿಗ್ ಬಾಸ್‌ನ ಮೊದಲ ಆವೃತ್ತಿಗೆ ಹೋದರು. 2015ರಿಂದ ಸೃಜನ್ ಲೋಕೇಶ್ ಅವರ ‘ಮಜಾ ಟಾಕೀಸ್’ನಲ್ಲಿ ವರಲಕ್ಷ್ಮಿಯಾದರು. ತನ್ನನ್ನೇ ತಾನು ಮೆಚ್ಚಿಕೊಂಡು ಬೀಗುವ ಹೆಂಗಸು ಆ ವರಲಕ್ಷ್ಮಿ. ಇಪ್ಪತ್ತು ವರ್ಷ ಜನ ಗೌರವದಿಂದ ಕೇಳಿದ ದನಿಯನ್ನೇ ಉಬ್ಬಿಸಿ, ಎಳೆದು, ಅವರು ನಗೆಗೆ ಒಪ್ಪಿಸಿದರು. ಊರಿಗೆ ಹೋದಾಗ ನಮ್ಮ ಕಾಕಾನ ಮಕ್ಕಳು “ವರಲಕ್ಷ್ಮಿ ಬಂದಳು ಬಾ” ಅಂತ ಕೂಗಿ ಕರೆಯೋರು. ಅವರಿಗೆ ಚಂದನದ ಅಪರ್ಣಾ ಗೊತ್ತೇ ಇರಲಿಲ್ಲ. ಅವ್ವ ಮಾತ್ರ “ಅಯ್ಯ, ಆ ಅಕ್ಕೋರೇ ಏನ ಇವರು?” ಅಂತ ಬಾಯಿ ಮ್ಯಾಲೆ ಕೈ ಇಟ್ಟುಕೊಂಡಿದ್ದಳು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವಳೂ ಅವಳೇ.

ಈ ನಗು ನನಗೆ ಮುಖ್ಯ ಯಾಕೆ ಅಂದ್ರೆ, ಟಿವಿಯ ಹಾಸ್ಯದಲ್ಲಿ ನಗೆಪಾಟಲಾಗೋದು ಸಾಮಾನ್ಯವಾಗಿ ನಮ್ಮ ಕಡೆಯ ಮಾತು. ‘ಯಾಕಲೇ’, ‘ಹೌದಲ್ರೀ’ ಅಂದರೆ ಸಾಕು, ಜೋಕ್ ಬೇಕಾಗಿಲ್ಲ. ಓದು ಮುಗಿಸಿ ಬೆಂಗಳೂರಿಗೆ ಬಂದ ಹೊಸತರಲ್ಲಿ ಒಂದು ಸಂದರ್ಶನದಲ್ಲಿ ನನ್ನನ್ನು “ನೀವು ಕನ್ನಡದವರಾ, ಉರ್ದುನಾ?” ಅಂತ ಕೇಳಿದ್ದರು. ‘ಖರೇ’, ‘ಜಲ್ದಿ’, ‘ತಯಾರ’ ಅನ್ನೋ ಪದಗಳು ನನ್ನ ಬಾಯಲ್ಲಿ ಬಂದಿದ್ದವು, ಅಷ್ಟೇ. ಶತಮಾನಗಳ ಕಾಲ ಬಹಮನಿ, ಆಮೇಲೆ ನಿಜಾಮರ ಆಳ್ವಿಕೆ ಕಂಡ ನೆಲದ ಕನ್ನಡದಲ್ಲಿ ಈ ಪದಗಳು ಇರದಿದ್ದರೇ ಆಶ್ಚರ್ಯ. ಅಂಥ ಹೊತ್ತಿನಲ್ಲಿ ‘ಅಪರ್ಣಾ ಥರ ಮಾತಾಡೋದು ಕಲೀರಿ’ ಅಂತ ಉಪದೇಶ ಕೊಡೋರು ಸಿಗುತ್ತಾರೆ. ಅವರಿಗೆ ನಾನು ಹೇಳೋದು ಇಷ್ಟೇ. ಅಪರ್ಣಾ ಅವರ ಕನ್ನಡ ಒಂದು ಕಸುಬು. ಹಾರ್ಮೋನಿಯಂ ಕಲಿತಂತೆ ದುಡಿದು ಕಲಿತದ್ದು, ಅವರಿಗೆ ಅನ್ನ ಕೊಟ್ಟದ್ದು. ಅದನ್ನು ಹಿಡಿದು ಬೇರೆಯವರ ಮನೆಮಾತನ್ನು ಅಳೆಯೋದು ಅವರ ಕೆಲಸಕ್ಕೂ ಅನ್ಯಾಯ, ನಮ್ಮ ಮಾತಿಗೂ ಅನ್ಯಾಯ. ತನ್ನ ದನಿಯನ್ನು ತಾನೇ ನಗೆಗೆ ಒಡ್ಡಿದ ಹೆಣ್ಣುಮಗಳ ಹೆಸರಲ್ಲಿ ಇನ್ನೊಬ್ಬರ ದನಿಯನ್ನು ಆಡಿಕೊಳ್ಳೋದು ಯಾವ ನ್ಯಾಯ?

ಅವರ ಕಾಯಿಲೆಯ ವಿಚಾರ ಹೊರಗೆ ಬಂದದ್ದು ಹೋದ ಮೇಲೆಯೇ. ಶ್ವಾಸಕೋಶದ ಕ್ಯಾನ್ಸರ್. ಎರಡು ವರ್ಷ ಮೊದಲೇ ನಾಲ್ಕನೇ ಹಂತ ಅಂತ ಗೊತ್ತಾಗಿತ್ತು, ವೈದ್ಯರು ಆರು ತಿಂಗಳು ಅಂದಿದ್ದರು ಅಂತ ಅವರ ಪತಿ, ವಾಸ್ತುಶಿಲ್ಪಿ ಮತ್ತು ಲೇಖಕ ನಾಗರಾಜ ವಸ್ತಾರೆ ತಿಳಿಸಿದರು. ಉಸಿರನ್ನೇ ಬಂಡವಾಳ ಮಾಡಿಕೊಂಡು ಬದುಕಿದವರಿಗೆ ಉಸಿರಿನ ಜಾಗಕ್ಕೇ ಬಂದ ರೋಗ. ಆರು ತಿಂಗಳನ್ನು ಎರಡು ವರ್ಷ ಮಾಡಿ, 57ನೇ ವಯಸ್ಸಿಗೆ ಹೊರಟರು. ಜನರಿಂದ ಕನಿಕರ ಕೇಳಲಿಲ್ಲ.

ಈಗ ನನ್ನ ಕ್ಷೇತ್ರದ ಒಂದು ಪ್ರಶ್ನೆ ಉಳಿದಿದೆ. ಕೆಲವೇ ನಿಮಿಷದ ರೆಕಾರ್ಡಿಂಗ್ ಇದ್ದರೆ ಯಾರದೇ ದನಿಯನ್ನು ಹೋಲುವ ಕೃತಕ ದನಿ ಮಾಡುವ ತಂತ್ರಾಂಶಗಳು ಬಂದಿವೆ. ಹೊಸ ನಿಲ್ದಾಣದ ಹೆಸರನ್ನು ಇಲ್ಲದವರ ದನಿಯಲ್ಲೇ ಹೇಳಿಸೋದು ತಾಂತ್ರಿಕವಾಗಿ ಕಷ್ಟವಲ್ಲ. ಹಾಗೆ ಮಾಡುವ ಮೊದಲು ಮನೆಯವರನ್ನು ಕೇಳಬೇಕು, ಸಲ್ಲಬೇಕಾದ ಹಣ ಸಲ್ಲಬೇಕು ಅನ್ನೋದು ನನ್ನ ಅಭಿಪ್ರಾಯ. ಇದಕ್ಕಿಂತ ಒಳ್ಳೆಯದು ಹೊಸಬರಿಗೆ ಮೈಕ್ ಕೊಡೋದು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಜಾತ್ರೆಗಳಲ್ಲಿ, ಸಾಲಿಯ ಗ್ಯಾದರಿಂಗ್‌ಗಳಲ್ಲಿ ಮೈಕ್ ಹಿಡಿದು ಇಡೀ ರಾತ್ರಿ ನಡೆಸಿಕೊಡುವ ಹುಡುಗ ಹುಡುಗಿಯರು ಇದ್ದಾರೆ. ಕಲಬುರಗಿ ಆಕಾಶವಾಣಿಯೂ 1966ರಿಂದ ಇದೆ.

ಮನೆಯಲ್ಲಿ ಮಾತಿನ ಮಲ್ಲಿಯೋ ಮಲ್ಲನೋ ಇದ್ದರೆ ತಂದೆ ತಾಯಂದಿರಲ್ಲಿ ಒಂದು ವಿನಂತಿ. ದಿನಾ ಹತ್ತು ನಿಮಿಷ ಪೇಪರ್ ಗಟ್ಟಿಯಾಗಿ ಓದಿಸಿ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಹೇಳಿಕೊಡಿ. ಓದಿ ಮುಗಿಸಿ ಆ ಮಗು “ಯವ್ವಾ, ಹಸಿವಿ ಆಗ್ಯಾದ” ಅಂದರೆ ತಿದ್ದಲಿಕ್ಕೆ ಹೋಗಬ್ಯಾಡ್ರಿ. ರೊಟ್ಟಿ ಕೊಡ್ರಿ.